ಇಂಟರ್‌ವ್ಯೂನಲ್ಲಿ ಓಣಿ ಕೇಳಿದರೆ ಯಾವ ಕಾನೂನು ಇದೆ? ಮಾಧವ ಮೆನನ್ ವರದಿ ಏನಾಯಿತು?

ಗದಗಿನ ಹುಡುಗಿ:

ಎಲ್ಲರಿಗೂ ನಮಸ್ಕಾರ. ನಾನು ಬಿ.ಕಾಂ. ಕೊನೆ ವರ್ಷ. ಪಿಯುಸಿವರೆಗೆ ಕನ್ನಡ ಮಾಧ್ಯಮ. ಹೋದ ತಿಂಗಳು ಒಂದು ಖಾಸಗಿ ಫೈನಾನ್ಸ್ ಕಂಪನಿಯ ಇಂಟರ್‌ವ್ಯೂಗೆ ಹೋಗಿದ್ದೆ. ಟ್ಯಾಲಿ, ಜಿಎಸ್‌ಟಿ ಬಗ್ಗೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟೆ. ಆಮೇಲೆ ಅಡ್ಡಹೆಸರು ಕೇಳಿದರು. ಹೇಳಿದೆ. ಅಷ್ಟಕ್ಕೇ ಬಿಡಲಿಲ್ಲ. "ಯಾವ ಓಣಿ?" ಅಂದರು. ಓಣಿ ಯಾಕೆ ಕೇಳ್ತಾರೆ ಅಂತ ಇಲ್ಲಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಫೋನ್ ಮಾಡ್ತೀವಿ ಅಂದವರು ಮಾಡಲೇ ಇಲ್ಲ.

ನಮ್ಮ ರಾಜ್ಯಶಾಸ್ತ್ರದ ಮೇಷ್ಟ್ರಿಗೆ ಹೇಳಿಕೊಂಡೆ. ಅವರು ಮಾಧವ ಮೆನನ್ ಹೆಸರು ಹೇಳಿದರು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಕಟ್ಟಿದವರು, ಕೆಲಸದಲ್ಲಿ ಸಮಾನ ಅವಕಾಶದ ಬಗ್ಗೆಯೂ ಒಂದು ದೊಡ್ಡ ವರದಿ ಕೊಟ್ಟಿದ್ದರು ಅಂದರು. ಆ ವರದಿ ಏನಾಯಿತು? ನನ್ನಂಥವರಿಗೆ ಈಗ ಯಾವ ಕಾನೂನು ಇದೆ? ಇನ್ನೊಂದು ಪ್ರಶ್ನೆ. ನನಗೆ ಲಾ ಓದುವ ಮನಸ್ಸಾಗಿದೆ. ತಮ್ಮ ಪಿಯುಸಿಯಲ್ಲಿದ್ದಾನೆ, ಅವನಿಗೂ ಅದೇ ಆಸೆ. ಕನ್ನಡದಲ್ಲಿ ಓದಿದವರಿಗೆ ದಾರಿ ಇದೆಯಾ?

ಎಫ್‌ಡಿಎ ಆಕಾಂಕ್ಷಿ:

ಸಂವಿಧಾನದ 16ನೇ ವಿಧಿಯಲ್ಲೇ ಇದೆಯಲ್ಲ. ಜಾತಿ, ಧರ್ಮ, ಲಿಂಗದ ಮೇಲೆ ಉದ್ಯೋಗದಲ್ಲಿ ಭೇದ ಮಾಡಬಾರದು. ಸೀದಾ ಕೇಸ್ ಹಾಕಿ.

ಹುಬ್ಬಳ್ಳಿ ವಕೀಲೆ:

ತಂಗಿ, ನಾನು ಹುಬ್ಬಳ್ಳಿಯ ಕಾರ್ಮಿಕ ನ್ಯಾಯಾಲಯದಲ್ಲಿ ವಕೀಲಿಕೆ ಮಾಡ್ತೀನಿ. ಮೇಲಿನವರು ಹೇಳಿದ 16ನೇ ವಿಧಿ ಸರ್ಕಾರಿ ನೌಕರಿಗೆ. ಖಾಸಗಿ ಕಂಪನಿಯನ್ನು ಅದು ಮುಟ್ಟುವುದಿಲ್ಲ. ಹೆಣ್ಣು ಅನ್ನೋ ಕಾರಣಕ್ಕೆ ನೇಮಕದಲ್ಲಿ ಭೇದ ಮಾಡಬಾರದು ಅಂತ 1976ರ ಸಮಾನ ವೇತನ ಕಾಯ್ದೆಯಲ್ಲೇ ಬಂತು. ಅಂಗವಿಕಲರ ಪರವಾಗಿ 2016ರ ಕಾಯ್ದೆ ಖಾಸಗಿ ಸಂಸ್ಥೆಗಳಿಗೂ ಹೊಣೆ ಹೊರಿಸಿದೆ. ಆದರೆ ಜಾತಿ, ಧರ್ಮ ನೋಡಿ ಖಾಸಗಿಯವರು ಕೆಲಸ ಕೊಡದೆ ಹೋದರೆ ಎಲ್ಲರೂ ಹೋಗಿ ಕೇಳಬಹುದಾದ ಒಂದು ಕಾನೂನು ನಮ್ಮಲ್ಲಿಲ್ಲ. ಪರಿಶಿಷ್ಟರಿಗೆ ದೌರ್ಜನ್ಯ ತಡೆ ಕಾಯ್ದೆ ಇದೆ ನಿಜ. ಆದರೆ ಬಾರದೇ ಹೋದ ಒಂದು ಫೋನ್ ಕರೆಯನ್ನು ಅಪರಾಧ ಅಂತ ಸಾಬೀತು ಮಾಡೋದು ಬಹಳ ಕಷ್ಟ.

ನನ್ನ ಕಕ್ಷಿದಾರರೆಲ್ಲ ಒಂದು ಕಾಲಕ್ಕೆ ಕೆಲಸದಲ್ಲಿ ಇದ್ದವರು. ತೆಗೆದುಹಾಕಿದರು, ಗ್ರಾಚ್ಯುಟಿ ಕೊಡಲಿಲ್ಲ, ಬಾಕಿ ಸಂಬಳ ಕೊಡಲಿಲ್ಲ ಅಂತ ಬರ್ತಾರೆ. ಅವರ ಹತ್ತಿರ ಪೇ ಸ್ಲಿಪ್ ಇರುತ್ತೆ, ಪಿಎಫ್ ನಂಬರ್ ಇರುತ್ತೆ. ಬಾಗಿಲಲ್ಲೇ ತಡೆದು ಕಳಿಸಿದವರು ನಮ್ಮ ಕೋರ್ಟಿಗೆ ಬರೋದೇ ಇಲ್ಲ. ಅವರ ಕೈಯಲ್ಲಿ ಯಾವ ಕಾಗದವೂ ಇರೋದಿಲ್ಲ. ನಿನಗೆ ಆಗಿದ್ದು ಇದೇ.

ಇದು ಬರೀ ಅನುಮಾನ ಅನ್ನುವವರಿಗೆ ಒಂದು ಅಧ್ಯಯನ ಹೇಳ್ತೀನಿ. ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 2007ರಲ್ಲಿ ಪ್ರಕಟಿಸಿದ್ದು. ಪತ್ರಿಕೆಗಳಲ್ಲಿ ಬಂದ 548 ಖಾಸಗಿ ಕೆಲಸಗಳ ಜಾಹೀರಾತಿಗೆ 4,808 ಅರ್ಜಿ ಹಾಕಿದರು. ಒಂದೇ ಥರದ ಓದು, ಒಂದೇ ಥರದ ಅನುಭವ. ಬೇರೆ ಇದ್ದದ್ದು ಹೆಸರು ಮಾತ್ರ. ಕೆಲವಕ್ಕೆ ಮೇಲ್ಜಾತಿ ಅಂತ ಗೊತ್ತಾಗುವ ಹೆಸರು, ಕೆಲವಕ್ಕೆ ದಲಿತ ಹೆಸರು, ಕೆಲವಕ್ಕೆ ಮುಸ್ಲಿಂ ಹೆಸರು. ಮುಂದಿನ ಹಂತಕ್ಕೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಕಡಿಮೆ ಇತ್ತು, ಮುಸ್ಲಿಂ ಹೆಸರಿಗೆ ಇನ್ನೂ ಕಡಿಮೆ. ಅರ್ಜಿ ಹಾಕಿದ ಯಾವ ಒಬ್ಬನೂ ಇದನ್ನು ತಾನಾಗಿಯೇ ಕಂಡುಹಿಡಿಯೋಕೆ ಆಗ್ತಿರಲಿಲ್ಲ. ಎಲ್ಲವನ್ನೂ ಒಟ್ಟಿಗೆ ಇಟ್ಟು ಎಣಿಸಿದಾಗಲೇ ಕಂಡಿತು.

ಮೆನನ್ ವರದಿಯ ಜೀವ ಇಲ್ಲೇ ಇದೆ. ದೇಶದ ಮುಸ್ಲಿಮರ ಸ್ಥಿತಿಗತಿ ನೋಡಲು ಕೇಂದ್ರ ಸರ್ಕಾರ ಮಾಡಿದ್ದ ಸಾಚಾರ್ ಸಮಿತಿ 2006ರಲ್ಲಿ ಸಮಾನ ಅವಕಾಶ ಆಯೋಗ ಬೇಕು ಅಂತ ಹೇಳಿತು. ಅದರ ರೂಪ ಹೇಗಿರಬೇಕು ಅಂತ ಹೇಳಲು ಕೇಂದ್ರ ಸರ್ಕಾರ ಮೆನನ್ ನೇತೃತ್ವದಲ್ಲಿ ತಜ್ಞರ ತಂಡ ಮಾಡಿತು. 2008ರಲ್ಲಿ ವರದಿ ಬಂತು, ಜೊತೆಗೆ ಮಸೂದೆಯ ಕರಡೂ ಇತ್ತು. ಶಿಕ್ಷಣ ಮತ್ತು ಉದ್ಯೋಗ, ಇವೆರಡರ ಮೇಲೆ ಒತ್ತು. ಒಬ್ಬೊಬ್ಬರ ದೂರು ಹಿಡಿದು ಓಡಾಡುವುದಕ್ಕಿಂತ ಸಂಸ್ಥೆಗಳಿಂದ ಲೆಕ್ಕ ಕೇಳುವುದು, ತಪಾಸಣೆ ಮಾಡುವುದು, ನೇಮಕ ಹೇಗೆ ನಡೆಯಬೇಕು ಅಂತ ನಿಯಮಾವಳಿ ರೂಪಿಸುವುದು ಆಯೋಗದ ಮುಖ್ಯ ಕೆಲಸ ಆಗಬೇಕು ಅಂತ ಅದರ ನಿಲುವು. ನಿಮ್ಮಲ್ಲಿ ಯಾರು ಅರ್ಜಿ ಹಾಕಿದರು, ಯಾರಿಗೆ ಸಿಕ್ಕಿತು, ತೋರಿಸಿ ಅಂತ ಕೇಳುವ ಅಧಿಕಾರ. ಆ ಅಧಿಕಾರ ಇದ್ದಿದ್ದರೆ ಓಣಿ ಕೇಳಿದ್ದಕ್ಕೆ ನೀನು ಸಾಕ್ಷಿ ಹುಡುಕಬೇಕಾಗಿರಲಿಲ್ಲ. ಲೆಕ್ಕವೇ ಮಾತಾಡ್ತಿತ್ತು.

ಆ ಮಸೂದೆ ಕಾಯ್ದೆ ಆಗಲಿಲ್ಲ. 2014ರ ಫೆಬ್ರುವರಿಯಲ್ಲಿ ಕೇಂದ್ರ ಸಂಪುಟ ಅಲ್ಪಸಂಖ್ಯಾತರಿಗೆ ಮಾತ್ರ ಅಂತ ಒಂದು ಆಯೋಗಕ್ಕೆ ಒಪ್ಪಿಗೆ ಕೊಟ್ಟಿತು, ಅದೂ ಮುಂದೆ ಹೋಗಲಿಲ್ಲ. ನನಗೆ ಇದು ಇವತ್ತಿಗೂ ಸಂಕಟದ ವಿಷಯ. ಹಿಂದುಳಿದ ಎಲ್ಲರಿಗೂ ಆಗುವಂಥ ಕರಡು ಸಿದ್ಧವಾಗಿತ್ತು.

ಈಗ ಲಾ ಓದುವ ಮಾತು. ಮೆನನ್ 1988ರಲ್ಲಿ ಮೊದಲ ಬ್ಯಾಚ್ ತೆಗೆದುಕೊಂಡಾಗ ಪಿಯುಸಿ ಆದ ಮೇಲೆ ಐದು ವರ್ಷದ ಕೋರ್ಸು ಅನ್ನೋದು ಹೊಸ ಪ್ರಯತ್ನ. ಕಾನೂನು ಓದುವ ಹುಡುಗರು ಬಡವರ ಕೇಸು ಕಣ್ಣಾರೆ ನೋಡಬೇಕು ಅಂತ ಅವರು ದೆಹಲಿಯಲ್ಲಿ ಪಾಠ ಮಾಡುವಾಗಿಂದ ಹೇಳುತ್ತಿದ್ದರು. ಇವತ್ತು ನಮ್ಮ ಕಾಲೇಜುಗಳಲ್ಲಿರುವ ಕ್ಲಿನಿಕಲ್ ಪೇಪರುಗಳು, ಅಂದರೆ ಮೂಟ್ ಕೋರ್ಟ್ (ಅಣಕು ನ್ಯಾಯಾಲಯ), ಡ್ರಾಫ್ಟಿಂಗ್ (ದಾವೆ, ಅರ್ಜಿ ಬರೆಯೋದು), ಕಾನೂನು ನೆರವು, ಅದೇ ಯೋಚನೆಯಿಂದ ಬಂದವು. ಆದರೆ ಅವರು ಕಟ್ಟಿದ ಶಾಲೆಯ ಬಾಗಿಲಲ್ಲಿ ನಿಂತಿರೋದು ಇಂಗ್ಲಿಷ್ ಪರೀಕ್ಷೆ. ಬಾಗಿಲಲ್ಲಿ ಯಾರು ತಡೆಯಲ್ಪಟ್ಟರು ಅನ್ನೋ ಲೆಕ್ಕ ಕಂಪನಿಗಳಿಂದ ಕೇಳುವುದಾದರೆ ಲಾ ಸ್ಕೂಲುಗಳಿಂದಲೂ ಕೇಳಬೇಕು. ಅವರ ಮೇಲಿನ ಗೌರವದಿಂದಲೇ ಇದನ್ನು ಹೇಳ್ತಿದ್ದೀನಿ.

ನಮ್ಮ ವಕೀಲರ ಕಚೇರಿಗಳೂ ಇದರಿಂದ ಹೊರಗಿಲ್ಲ. ಜೂನಿಯರುಗಳನ್ನು ವರ್ಷಗಟ್ಟಲೆ ಬಸ್ ಚಾರ್ಜು ಕೊಟ್ಟು ದುಡಿಸ್ತಾರೆ. ಮನೆಯಿಂದ ದುಡ್ಡು ತರಿಸಿಕೊಳ್ಳಬಲ್ಲವರು ಮಾತ್ರ ಉಳೀತಾರೆ. 2024ರ ಅಕ್ಟೋಬರಿನಲ್ಲಿ ಬಾರ್ ಕೌನ್ಸಿಲ್ ಆಫ್ ಇಂಡಿಯಾ ಜೂನಿಯರಿಗೆ ತಿಂಗಳಿಗೆ ನಗರದಲ್ಲಿ ಕನಿಷ್ಠ 20,000, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಕಳಿಸಿತು. ಶಿಫಾರಸು ಅಷ್ಟೇ, ಕಡ್ಡಾಯ ಅಲ್ಲ. ಯಾರ ಕಚೇರಿಗೆ ಸೇರಿದರೂ ಮೊದಲ ದಿನವೇ ಸಂಬಳ ಕೇಳು, ನಾಚಿಕೊಳ್ಳಬೇಡ.

ನಾಗರಬಾವಿ ಹಳೇ ವಿದ್ಯಾರ್ಥಿ:

ಮೇಡಂ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಕ್ಲಾಟ್, ಅಂದರೆ ನ್ಯಾಷನಲ್ ಲಾ ಸ್ಕೂಲುಗಳ ಪ್ರವೇಶ ಪರೀಕ್ಷೆ, ಈಗಲೂ ಇಂಗ್ಲಿಷಿನಲ್ಲೇ ಇದೆ. 120 ಪ್ರಶ್ನೆ, ಎರಡು ಗಂಟೆ, ಉದ್ದುದ್ದ ಪ್ಯಾರಾ ಓದಿ ಉತ್ತರಿಸಬೇಕು. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಬೆಂಗಳೂರಿನ ಲಾ ಸ್ಕೂಲಿನಲ್ಲಿ ಕರ್ನಾಟಕದವರಿಗೆ ಶೇ 25 ಸೀಟು ಅಂತ 2020ರಲ್ಲಿ ರಾಜ್ಯ ಸರ್ಕಾರ ಕಾಯ್ದೆ ತಿದ್ದಿತು. ಅದೇ ವರ್ಷ ಹೈಕೋರ್ಟ್ ರದ್ದು ಮಾಡಿತು. 2021ರಿಂದ ಲಾ ಸ್ಕೂಲ್ ತಾನೇ ಶೇ 25 ಕೊಡುತ್ತಿದೆ. ರಾಜ್ಯದಲ್ಲಿ ಕನಿಷ್ಠ 10 ವರ್ಷ ಓದಿರಬೇಕು, ತಮ್ಮನಿಗೆ ಇದು ಉಪಯೋಗ.

ಅವನಿಗೆ ಐಡಿಯಾ ಅನ್ನೋ ಸಂಸ್ಥೆಯನ್ನೂ ನೋಡಲು ಹೇಳಿ. ಇದೇ ಲಾ ಸ್ಕೂಲಿನಲ್ಲಿ ಓದಿ ಪ್ರೊಫೆಸರ್ ಆದ ಶಮ್ನಾಡ್ ಬಶೀರ್ 2010ರಲ್ಲಿ ಶುರು ಮಾಡಿದ್ದು. ಬಡ ಮನೆಯ ಮಕ್ಕಳು, ಹಳ್ಳಿ ಮಕ್ಕಳು, ಅಂಗವಿಕಲ ಮಕ್ಕಳನ್ನು ಗುರುತಿಸಿ ಕ್ಲಾಟ್‌ಗೆ ತಯಾರು ಮಾಡ್ತಾರೆ. ಸೀಟು ಸಿಕ್ಕ ಮೇಲೂ ಕೈಬಿಡಲ್ಲ. ಬಶೀರ್ 2019ರಲ್ಲಿ ತೀರಿಕೊಂಡರು. ಮೆನನ್ ಸಹ ಅದೇ ವರ್ಷ ಮೇ ತಿಂಗಳಲ್ಲಿ ಹೋದರು.

ಗದಗಿನ ಹುಡುಗಿ:

ಇಬ್ಬರಿಗೂ ತುಂಬಾ ಧನ್ಯವಾದ. ಮೇಡಂ, ಪದವಿ ಮುಗಿದ ಮೇಲೆ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದಲ್ವಾ? ಪರೀಕ್ಷೆ ಕನ್ನಡದಲ್ಲಿ ಬರೆಯೋಕೆ ಬಿಡ್ತಾರಾ?

ಹುಬ್ಬಳ್ಳಿ ವಕೀಲೆ:

ಬಿಡ್ತಾರೆ. ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕಾಲೇಜುಗಳಲ್ಲಿ ಪೂರ್ತಿ ಕನ್ನಡದಲ್ಲಿ ಬರೆಯಬಹುದು. ಅರ್ಧ ಅದು, ಅರ್ಧ ಇದು ಮಾಡಬಾರದು ಅಷ್ಟೇ. ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 45, ಹಿಂದುಳಿದ ವರ್ಗಕ್ಕೆ 42, ಪರಿಶಿಷ್ಟರಿಗೆ 40 ಇದ್ದರೆ ಸಾಕು. ಕೆಳಗಿನ ಕೋರ್ಟುಗಳಲ್ಲಿ ವಾದ, ಸಾಕ್ಷಿ ವಿಚಾರಣೆ ಕನ್ನಡದಲ್ಲೇ ನಡೆಯುತ್ತೆ, ನಿನ್ನ ಕನ್ನಡ ಅಲ್ಲಿ ನಿನ್ನ ಬಲ. ಆದರೆ ತೀರ್ಪುಗಳನ್ನು ಇಂಗ್ಲಿಷಿನಲ್ಲಿ ಓದುವ ರೂಢಿ ಈಗಿನಿಂದಲೇ ಮಾಡಿಕೋ. ಮೊದಲು 2021ರ ನಿತೀಶಾ ಪ್ರಕರಣ ಓದು. ಸೈನ್ಯದ ಮಹಿಳಾ ಅಧಿಕಾರಿಗಳದ್ದು. ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಅನ್ನಿಸುವ ನಿಯಮ ಕೆಲವರನ್ನು ಹೇಗೆ ಹೊರಗಿಡುತ್ತೆ ಅಂತ ಸುಪ್ರೀಂ ಕೋರ್ಟ್ ಅದರಲ್ಲಿ ವಿವರವಾಗಿ ಬರೆದಿದೆ. ಅರ್ಥ ಆಗದ ಕಡೆ ಇಲ್ಲೇ ಕೇಳು, ನಾನು ನೋಡ್ತಿರ್ತೀನಿ. ಆ ಇಂಟರ್‌ವ್ಯೂನಲ್ಲಿ ಏನೇನು ಕೇಳಿದರು, ಯಾವ ದಿನ, ಯಾರಿದ್ದರು ಅಂತ ಈಗಲೇ ಒಂದು ಹಾಳೆಯಲ್ಲಿ ಬರೆದು ತಾರೀಖು ಹಾಕಿ ಇಟ್ಟುಕೋ.