ಕೋವಿಡ್ ಟೈಮಲ್ಲಿ ನೆಲದ ಮೇಲೆ ಬರೆದ ಆ ವೃತ್ತಗಳಿಂದ ನಿಜಕ್ಕೂ ಉಪಯೋಗ ಆಯ್ತಾ? ಅಂಗಡಿ, ಆಫೀಸು ನಡೆಸಿದವರು ಹೇಳಿ

ಪ್ಲಾನ್‌ಬರೆಯೋನು

ಎಲ್ರಿಗೂ ನಮಸ್ಕಾರ. ನಮ್ದು ಕೆಳಗೆ ಅಂಗಡಿ, ಮೇಲೆ ಆಫೀಸು, ಹಿಂದೆ ಒಂದು ಗೋಡೌನು ಇರೋ ಜಾಗ. ಮುಂದೆ ಇನ್ನೊಂದ್ಸಲ ಕೋವಿಡ್ ತರದ್ದು ಏನಾದ್ರೂ ಬಂದ್ರೆ ಹೆಂಗೆ ನಡೆಸೋದು ಅಂತ ಎರಡು ಪುಟ ಬರ್ಕೊಡಪ್ಪ ಅಂತ ನನ್ ತಲೆಗೆ ಕಟ್ಟಿದಾರೆ. ಸರಿ ಅಂತ 2020ರ ಹಳೇ ಫೈಲ್ ತೆಗ್ದೆ. ಡಬ್ಲ್ಯುಎಚ್‌ಒ ಇದನ್ನ ಪ್ಯಾಂಡೆಮಿಕ್ ಅಂದಿದ್ದು ಆ ವರ್ಷ ಮಾರ್ಚ್ 11ಕ್ಕೆ, ಅಲ್ಲಿಂದ ಮುಂದೆ ನಮ್ಮವರು ಹೊರಡಿಸಿರೋ ಸರ್ಕ್ಯುಲರ್‌ಗಳು ಒಂದಕ್ಕೊಂದು ತಾಳೆನೇ ಇಲ್ಲ, ಒಂದರಲ್ಲಿ 1 ಮೀಟರ್ ದೂರ ಅಂತಿದೆ, ಇನ್ನೊಂದರಲ್ಲಿ 2 ಮೀಟರ್, ಮತ್ತೊಂದರಲ್ಲಿ 6 ಅಡಿ.

ಆಗ ಏನೇನ್ ಮಾಡಿದ್ವಿ ಅಂದ್ರೆ: ಬಾಗಿಲ ಮುಂದೆ ವೃತ್ತ, ನೆಲದ ಮೇಲೆ ಬಾಣದ ಗುರುತು, ಕಾಲಲ್ಲಿ ಒತ್ತೋ ಸ್ಯಾನಿಟೈಸರ್ ಸ್ಟ್ಯಾಂಡು, ಹಣೆಗೆ ಹಿಡಿಯೋ ಥರ್ಮಾಮೀಟರ್ ಗನ್ನು, ಕೌಂಟರ್‌ಗೆ ಪ್ಲಾಸ್ಟಿಕ್ ಶೀಟು, ಆಫೀಸಲ್ಲಿ ಒಂದು ಬಿಟ್ಟು ಒಂದು ಕುರ್ಚಿಗೆ ಟೇಪು. ಇಷ್ಟೆಲ್ಲ ಮಾಡಿಯೂ ಒಂದೇ ವಾರದಲ್ಲಿ ಏಳು ಜನ ಮಲಗಿದ್ರು, ಅದೂ ಗಿರಾಕಿಗಳ ಮುಂದೆ ನಿಲ್ಲೋ ಅಂಗಡಿಯವರಲ್ಲ, ಏಳೂ ಜನ ಮೇಲಿನ ಆಫೀಸಿನವರೇ. ಅದು ನನಗೆ ಇವತ್ತಿಗೂ ಅರ್ಥ ಆಗಿಲ್ಲ.

ನನ್ ಪ್ರಶ್ನೆ ಇಷ್ಟೇ, ಇದ್ರಲ್ಲಿ ಯಾವ್ದು ಕೆಲ್ಸಕ್ಕೆ ಬಂತು, ಯಾವ್ದು ಬರೀ ತೋರಿಕೆ? ನೀವು ನಿಮ್ಮ ಜಾಗದಲ್ಲಿ ನೋಡಿದ್ದು ಹೇಳಿ, ಪೋಸ್ಟರ್‌ನಲ್ಲಿ ಬರೆದಿದ್ದು ನನ್ ಹತ್ರ ಬೇಕಾದಷ್ಟಿದೆ.

ಕೌಂಟರ್‌ಹಿಂದೆ

ವೃತ್ತದ ಕಥೆ ಕೇಳ್ಬೇಡಿ ಸರ್. ಮೊದಲನೇ ದಿನ ಸುಣ್ಣದಲ್ಲಿ ಬರೆದ್ವಿ, ಸಂಜೆಗೆ ಕಾಲಿಗೆ ಒರೆಸಿ ಹೋಯ್ತು. ಆಮೇಲೆ ಪೇಂಟ್ ಹಾಕಿದ್ವಿ. ಜನ ಏನ್ ಮಾಡಿದ್ರು ಗೊತ್ತಾ, ವೃತ್ತದಲ್ಲಿ ಅವರವರ ಚೀಲ ಇಟ್ಬಿಟ್ಟು, ಪಕ್ಕದಲ್ಲಿ ನೆರಳಿತ್ತಲ್ಲ ಅಲ್ಲಿ ಹೋಗಿ ಎಂಟು ಜನ ಹೆಗಲಿಗೆ ಹೆಗಲು ಕೊಟ್ಟು ನಿಂತ್ಕೊಂಡು ಮಾತಾಡ್ತಿದ್ರು. ಚೀಲಗಳು ಮಾತ್ರ ಶಿಸ್ತಾಗಿ ದೂರ ದೂರ! ಆಮೇಲೆ ಬುದ್ಧಿ ಬಂತು, ವೃತ್ತ ಎಲ್ಲಿದೆಯೋ ಅಲ್ಲಿಗೇ ಶೀಟ್ ಎಳೆದು ನೆರಳು ಮಾಡಿದ್ವಿ, ಅವತ್ತಿಂದ ಸಾಲು ಸರಿಯಾಯ್ತು. ಜನ ಹಠಮಾರಿಗಳಲ್ಲ, ಬಿಸಿಲಲ್ಲಿ ನಿಂತ್ಕೋ ಅಂದ್ರೆ ಯಾರ್ ನಿಲ್ತಾರೆ.

ಪ್ಲಾಸ್ಟಿಕ್ ಶೀಟೂ ಅಷ್ಟೇ. ಹಾಕಿದ ಮೇಲೆ ನಾನ್ ಹೇಳೋದು ಅವ್ರಿಗೆ ಕೇಳಲ್ಲ, ಅವ್ರು ಹೇಳೋದು ನಂಗೆ ಕೇಳಲ್ಲ, ಆಗ ಅವ್ರು ಮಾಸ್ಕ್ ಕೆಳಗೆ ಎಳ್ಕೊಂಡು ಶೀಟಿನ ಪಕ್ಕದಿಂದ ತಲೆ ತೂರಿಸಿ ನನ್ ಮುಖದ ಹತ್ರನೇ ಬಂದು ಜೋರಾಗಿ ಕೂಗೋರು. ಶೀಟ್ ಇಲ್ದಿದ್ರೆ ಮೂರಡಿ ದೂರದಿಂದ ಮೆತ್ತಗೆ ಮಾತಾಡಿರೋರು. ಕೊನೆಗೆ ಬಿಲ್ ಮೊತ್ತ ಗಿರಾಕಿ ಕಡೆಗೇ ಕಾಣೋ ಹಾಗೆ ಸಣ್ಣ ಡಿಸ್‌ಪ್ಲೇ ಒಂದು ತಿರುಗಿಸಿ ಇಟ್ವಿ. ಎಷ್ಟಾಯ್ತು, ಎಷ್ಟಾಯ್ತು ಅಂತ ಕೂಗೋದು ನಿಂತೋಯ್ತು, ಅರ್ಧ ಮಾತೇ ಕಮ್ಮಿ ಆಯ್ತು ಅನ್ನಿ.

ಆದ್ರೆ ನಿಜವಾಗ್ಲೂ ಪರಿಸ್ಥಿತಿ ಬದಲಾಗಿದ್ದು ಚೀಟಿಯಿಂದ. ನಮ್ ಲೆಕ್ಕ ಹಿಂಗಿತ್ತು: ಒಬ್ಬೊಬ್ರಿಗೆ 2 ಮೀಟರ್ ದೂರ ಅಂದ್ರೆ ತಲೆಗೆ ಹೆಚ್ಚುಕಮ್ಮಿ 4 ಚದರ ಮೀಟರ್ ಜಾಗ ಬೇಕು. ರ‍್ಯಾಕು, ಕೌಂಟರ್ ಎಲ್ಲ ಕಳೆದ್ರೆ ನಮ್ಗೆ ಉಳಿದಿದ್ದು 32 ಚದರ ಮೀಟರ್, ಅಂದ್ರೆ ಒಳಗೆ ಎಂಟೇ ಜನ. ಒಬ್ಬೊಬ್ರು 15 ನಿಮಿಷ ಒಳಗಿದ್ರೆ ಗಂಟೆಗೆ 32 ಗಿರಾಕಿ, ಹೊರಗೆ ಸಾಲು ಬೆಳೀತಾನೇ ಇರತ್ತೆ, ಬೈಗುಳನೂ ಬೆಳೀತಾ ಇರತ್ತೆ. ಅದೇ 5 ನಿಮಿಷಕ್ಕೆ ಕಳಿಸಿದ್ರೆ ಅದೇ ಎಂಟು ಜನದ ಜಾಗದಲ್ಲಿ ಗಂಟೆಗೆ 96. ಅದಕ್ಕೆ ಮೊದಲೇ ಫೋನಲ್ಲಿ ಸಾಮಾನಿನ ಚೀಟಿ ಕಳಿಸಿ ಅಂದ್ವಿ, ಕಟ್ಟಿಟ್ಟು ಟೈಮ್ ಕೊಟ್ಟು ಬಾಗಿಲಲ್ಲೇ ಕೈಗೆ ಕೊಟ್ವಿ. ಯಾವ ವಸ್ತು ಎಲ್ಲಿದೆ ಅಂತ ಬಾಗಿಲಲ್ಲೇ ಒಂದು ದೊಡ್ಡ ಬೋರ್ಡ್ ಹಾಕಿದ್ವಿ, ಹುಡುಕಾಡೋದು ತಪ್ತು. ವಯಸ್ಸಾದವರಿಗೆ ಬೆಳಗ್ಗೆ ಮೊದಲನೇ ಗಂಟೆ ಬಿಟ್ವಿ. ನೀವು ಬರೆಯೋದಾದ್ರೆ "ದೂರ ಎಷ್ಟು" ಅನ್ನೋದಕ್ಕಿಂತ ಮೊದಲು "ಒಳಗೆ ಎಷ್ಟೊತ್ತು" ಅಂತ ಬರೀರಿ.

ಗನ್ ಬಗ್ಗೆ ಹೇಳಲ್ಲ, ಬಿಸಿಲಲ್ಲಿ ನಿಂತು ಬಂದವರ ಹಣೆ, ಬೆಳಗ್ಗೆ ಚಳಿಲಿ ಬಂದವರ ಹಣೆ, ಅದು ತೋರಿಸಿದ ನಂಬರ್ ನೋಡಿ ನಮ್ ಹುಡುಗನಿಗೇ ನಗು ಬರ್ತಿತ್ತು.

ಸುಮ್ನೆಓದ್ತೀನಿ

ಒಂದು ಬಿಟ್ಟು ಒಂದು ಕುರ್ಚಿಗೆ ಟೇಪ್ ಹಾಕಿದ್ರಲ್ಲ, ನಮ್ ಆಫೀಸಲ್ಲೂ ಹಾಕಿದ್ರು, ಟೇಪ್ ಹಾಕಿದ ಕುರ್ಚಿ ಮೇಲೆ ಎಲ್ರೂ ಬ್ಯಾಗ್ ಇಟ್ಕೊಂಡು ಆರಾಮಾಗಿದ್ವಿ. ತೆಗೆದಾಗ ಬೇಜಾರಾಯ್ತು 😄

ಎರಡನೇಪಾಳಿ

ನಮ್ಮದು ಮಷಿನ್ ಶಾಪ್ ರೀ, ಮೂರು ಶಿಫ್ಟ್. ಮಷಿನ್ ನಡಬರಕ ಜಾಗ ಮೊದಲೇ ಇತ್ತು, ದೂರಕ್ಕೇನು ಕೊರತಿ ಇರಲಿಲ್ಲ. ತೊಂದರೆ ಎಲ್ಲಿತ್ತು ಅಂದ್ರ, ಕೆಲಸದ ಜಾಗದಾಗ ಅಲ್ಲ, ಕೆಲಸ ಇಲ್ಲದ ಜಾಗದಾಗ. ಒಂದು, ಪಂಚಿಂಗ್ ಮಷಿನ್ ಮುಂದ. ಹೋಗೋರು ನಲವತ್ತು ಮಂದಿ, ಬರೋರು ನಲವತ್ತು ಮಂದಿ, ಒಂದ ಬಾಗಿಲ. ಎರಡು, ಬಟ್ಟಿ ಬದಲಿಸೋ ಖೋಲಿ. ಮೂರು, ಊಟದ ಹಾಲ್. ಎಂಟು ತಾಸು ಮಾಸ್ಕ್ ಹಾಕ್ಕೊಂಡು ದೂರ ದೂರ ನಿಂತು ಕೆಲಸ ಮಾಡಿದ ಮನುಷ್ಯಾ, ಊಟಕ್ಕ ಮಾಸ್ಕ್ ತಗದು ಗೆಳೆಯನ ಎದುರಿಗೇ ಕುಂತು ಅರ್ಧ ತಾಸು ಹರಟಿ ಹೊಡಿತಾನ. ಎಲ್ಲಾ ನೀರಾಗ ಹೋಮ!

ನಾವ್ ಮಾಡಿದ್ದು ಹೇಳ್ತೀನಿ. ಎರಡು ಶಿಫ್ಟ್ ನಡುವ 20 ಮಿನಿಟ್ ಖಾಲಿ ಬಿಟ್ವಿ, ಹೋಗೋ ಮಂದಿ ಹೋದ ಮ್ಯಾಲೆ ಬರೋ ಮಂದಿ ಒಳಗ. ಚಾರ್ಜ್ ಕೊಡೋದು ಬಾಯಿಲೆ ಬ್ಯಾಡ ಅಂತ ಪುಸ್ತಕದಾಗ ಬರೆಯೋದು ಶುರು ಮಾಡಿದ್ವಿ. ಇದು ಹೊಸ ಸುದ್ದಿ ಅಲ್ರೀ, 1918ರ ಫ್ಲೂ ಟೈಮ್‌ನಾಗ ನ್ಯೂಯಾರ್ಕ್‌ನಾಗ ಆರೋಗ್ಯ ಇಲಾಖೆಯವರು ಅಂಗಡಿ, ಆಫೀಸು, ಫ್ಯಾಕ್ಟರಿ ತೆರೆಯೋ ಮುಚ್ಚೋ ಟೈಮ್ ಬ್ಯಾರೆ ಬ್ಯಾರೆ ಮಾಡಿದ್ರು, ರೈಲಿನಾಗ ಒಮ್ಮೆಲೇ ಗದ್ದಲ ಆಗಬಾರದು ಅಂತ. ನೂರು ವರ್ಷದ ಹಿಂದಿನ ಔಷಧಿ, ನಮಗ ಹೊಳಿಯಾಕ ಎರಡು ತಿಂಗಳ ಬೇಕಾತು.

ಇನ್ನೊಂದು, ಮಂದಿನ್ನ ಎ ಟೀಮ್ ಬಿ ಟೀಮ್ ಅಂತ ಮಾಡಿ ಒಬ್ಬರನ್ನ ಇನ್ನೊಂದಕ್ಕ ಕಳಸಲೇ ಇಲ್ಲ, ಎಷ್ಟ ಕೆಲಸ ಇದ್ರೂ. ಎ ಟೀಮ್‌ನಾಗ ಒಬ್ಬಗ ಬಂತು, ಅಷ್ಟೂ ಮಂದಿನ್ನ ಮನಿಗೆ ಕಳಿಸಿದ್ವಿ, ಬಿ ಟೀಮ್ ನಡೀತು, ಫ್ಯಾಕ್ಟರಿ ಬಂದ್ ಆಗಲಿಲ್ಲ.

ಆದ್ರ ನನ್ನ ಕೇಳಿದ್ರ ಮೊದಲನೇ ಸಾಲಿನಾಗ ಇದನ್ನ ಬರೀರಿ: ಜ್ವರ ಬಂದವಗ ಪಗಾರ ಕಟ್ ಇಲ್ಲ. ಶುರುವಿಗೆ ನಮ್ಮ ಮ್ಯಾನೇಜ್‌ಮೆಂಟ್ ರಜಾಕ್ಕ ಪಗಾರ ಇಲ್ಲ ಅಂತು. ಒಬ್ಬಂವ ಗುಳಿಗಿ ನುಂಗಿ ಜ್ವರ ಇಳಿಸ್ಕೊಂಡು ಮೂರು ದಿನ ಬಂದಾನ, ಗೇಟ್‌ನಾಗ ಗನ್ ಹಿಡಿದ್ರ ನಾರ್ಮಲ್. ಅಂವಗ ಬೈಯಾಕ ನನಗ ಬಾಯಿ ಬರಲಿಲ್ಲ, ಮನಿ ಬಾಡಗಿ ಯಾರ್ ಕೊಡ್ತಾರ. ಪಗಾರ ಕೊಡ್ತೀವಿ ಅಂದ ಮರುದಿನದಿಂದ ಮಂದಿ ತಾವಾಗೇ ಫೋನ್ ಮಾಡಿ ಹೇಳಾಕ ಶುರು ಮಾಡಿದ್ರು.

ಗಾಳಿಮಾತು

ನಾನು ಕಟ್ಟಡಗಳಿಗೆ ಎಸಿ, ವೆಂಟಿಲೇಷನ್ ಮಾಡೋನು, ಹೆಸರು ನೋಡಿ ನಗ್ಬೇಡಿ.

ದೂರದ ನಂಬರ್ ಯಾಕೆ ಬೇರೆ ಬೇರೆ ಅಂತ ಕೇಳಿದ್ರಲ್ಲ, ಡಬ್ಲ್ಯುಎಚ್‌ಒ ಕನಿಷ್ಠ 1 ಮೀಟರ್ ಅಂತು, ಜರ್ಮನಿ, ಆಸ್ಟ್ರೇಲಿಯಾ 1.5, ಅಮೆರಿಕ 6 ಅಡಿ, ಬ್ರಿಟನ್ 2 ಮೀಟರ್ ಅಂತ ಶುರು ಮಾಡಿ 2020 ಜುಲೈನಲ್ಲಿ ಇಂಗ್ಲೆಂಡಲ್ಲಿ "1 ಮೀಟರ್ ಪ್ಲಸ್", ಅಂದ್ರೆ ಮಾಸ್ಕ್ ತರದ್ದು ಇನ್ನೇನಾದ್ರೂ ರಕ್ಷಣೆ ಇದ್ರೆ 1 ಮೀಟರ್ ಸಾಕು ಅಂತ ಇಳಿಸಿದ್ರು. ವೈರಸ್ ಏನು ಗಡಿ ದಾಟಿದಾಗ ಟೇಪ್ ಬದಲಾಯಿಸಲ್ಲ. ಇದ್ರ ಹಿಂದಿರೋ ಯೋಚನೆ ಹಳೇದು: ಕೆಮ್ಮಿದಾಗ, ಮಾತಾಡಿದಾಗ ಬರೋ ದಪ್ಪ ಹನಿಗಳು ಒಂದೆರಡು ಮೀಟರ್ ಒಳಗೆ ನೆಲಕ್ಕೆ ಬೀಳ್ತವೆ ಅನ್ನೋದು. ಅದು ಸುಳ್ಳಲ್ಲ. ಆದ್ರೆ ಸಣ್ಣ ಕಣಗಳು ಬೇಗ ಬೀಳೋದೇ ಇಲ್ಲ, ಒಣಗಿ ಗಾಳಿಲಿ ತೇಲ್ತಾ ಇರ್ತವೆ, ಇದನ್ನ ವಿಲಿಯಂ ವೆಲ್ಸ್ ಅನ್ನೋ ಅಮೆರಿಕದ ಸಂಶೋಧಕರು 1930ರ ದಶಕದಲ್ಲೇ ಹೇಳಿದ್ರು. ಅಗರಬತ್ತಿ ಹೊಗೆ ಇದ್ದ ಹಾಗೆ ಅಂದ್ಕೊಳ್ಳಿ, ಹಚ್ಚಿದವನ ಪಕ್ಕದಲ್ಲಿ ಜಾಸ್ತಿ, ಆದ್ರೆ ಬಾಗಿಲು ಮುಚ್ಚಿ ಒಂದು ಗಂಟೆ ಕೂತ್ರೆ ರೂಮಿನ ಮೂಲೆಯವನಿಗೂ ಬರತ್ತೆ. ಅಲ್ಲಿ ವೃತ್ತ ಏನ್ ಮಾಡತ್ತೆ?

ಈಗ ನಿಮ್ಮ ಏಳು ಜನದ ವಿಷ್ಯ. 2020ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಒಂದು ಕಾಲ್ ಸೆಂಟರ್ ಕೇಸ್ ಆಯ್ತು. 11ನೇ ಮಹಡಿಲಿ 216 ಜನ ಕೆಲ್ಸ, ಅದ್ರಲ್ಲಿ 94 ಜನಕ್ಕೆ ಸೋಂಕು, ಅದ್ರಲ್ಲೂ ಬಹುಪಾಲು ಆ ಮಹಡಿಯ ಒಂದೇ ಕಡೆ ಕೂತವರು. ಇಡೀ ಕಟ್ಟಡದ ಸಾವಿರಕ್ಕೂ ಹೆಚ್ಚು ಜನಕ್ಕೆ ಟೆಸ್ಟ್ ಮಾಡಿದ್ರೆ ಸಿಕ್ಕಿದ್ದು ಒಟ್ಟು 97. ಅಂದ್ರೆ ಅದೇ ಲಿಫ್ಟು, ಅದೇ ಲಾಬಿ ಬಳಸಿದ ಬೇರೆ ಮಹಡಿಯವರಿಗೆ ಹೆಚ್ಚುಕಮ್ಮಿ ಬರಲೇ ಇಲ್ಲ. ದಿನವಿಡೀ ಒಂದೇ ಗಾಳಿಲಿ ಕೂತು ಮಾತಾಡ್ತಾ ಇದ್ದವರಿಗೆ ಬಂತು. ನಿಮ್ಮ ಅಂಗಡಿಯವರು ನೂರು ಜನರನ್ನ ನೋಡಿದ್ರೂ ಒಬ್ಬೊಬ್ರನ್ನ ಎರಡು ನಿಮಿಷ, ಬಾಗಿಲು ತೆರೆದ ಜಾಗದಲ್ಲಿ. ನಿಮ್ಮ ಆಫೀಸಿನವರು ಅದೇ ಹತ್ತು ಜನರನ್ನ ಎಂಟು ಗಂಟೆ, ಅದೂ ಕಿಟಕಿ ಮುಚ್ಚಿ ಎಸಿ ಹಾಕ್ಕೊಂಡು ಅಂತ ನನ್ ಊಹೆ. ಗೋಡೆ ಮೇಲಿನ ಸಾಮಾನ್ಯ ಸ್ಪ್ಲಿಟ್ ಎಸಿ ಹೊರಗಿನ ಗಾಳಿ ತರಲ್ಲ ಸ್ವಾಮಿ, ಒಳಗಿರೋದನ್ನೇ ತಣ್ಣಗೆ ಮಾಡಿ ತಿರುಗಿಸ್ತಾ ಇರತ್ತೆ. ಎಷ್ಟೋ ಆಫೀಸಿನವರಿಗೆ ಇದೇ ಗೊತ್ತಿಲ್ಲ.

ಮಾಡ್ಬೇಕಾಗಿದ್ದು ಸಿಂಪಲ್. ಒಂದು ಕಾರ್ಬನ್ ಡೈಆಕ್ಸೈಡ್ ಮೀಟರ್ ತಗೊಳ್ಳಿ. ಹೊರಗಿನ ಗಾಳಿಲಿ ಸುಮಾರು 420 ಪಿಪಿಎಂ (ಅಂದ್ರೆ ಹತ್ತು ಲಕ್ಷ ಭಾಗ ಗಾಳಿಲಿ 420 ಭಾಗ) ಇರತ್ತೆ, ನಾವು ಬಿಡೋ ಉಸಿರಲ್ಲಿ ಸುಮಾರು 40,000. ಒಳಗೆ 800 ತೋರಿಸಿದ್ರೆ ನೀವು ಎಳ್ಕೊಳ್ಳೋ ಗಾಳಿಲಿ ನೂರಕ್ಕೆ ಒಂದು ಭಾಗ ಆಗ್ಲೇ ಯಾರೋ ಬಿಟ್ಟಿದ್ದು ಅಂತ ಲೆಕ್ಕ, 2000 ಅಂದ್ರೆ ನೂರಕ್ಕೆ ನಾಲ್ಕು. 800ರ ಒಳಗಿರೋ ಹಾಗೆ ನೋಡ್ಕೊಳ್ಳಿ. ಕಿಟಕಿ ಇದ್ರೆ ಎದುರುಬದುರು ಎರಡು ತೆಗೀರಿ, ಒಂದರಲ್ಲಿ ಫ್ಯಾನ್ ಹೊರಗೆ ಮುಖ ಮಾಡಿ ಇಡಿ. ಕಿಟಕಿ ಇಲ್ದೇ ಇದ್ರೆ ಫಿಲ್ಟರ್. ನಾಲ್ಕು ಒಳ್ಳೇ ಫಿಲ್ಟರ್ ಡಬ್ಬಿ ತರ ಜೋಡಿಸಿ ಮೇಲೊಂದು ಫ್ಯಾನ್ ಕೂರಿಸೋ ಕಾರ್ಸಿ-ರೋಸೆಂತಾಲ್ ಬಾಕ್ಸ್ ಅಂತ 2020ರಲ್ಲಿ ಬಂತು, ಯಾರ್ ಬೇಕಾದ್ರೂ ಮಾಡ್ಕೋಬಹುದು, ಅದನ್ನ ಇಟ್ರೆ ಕಣಗಳು ಕಮ್ಮಿ ಆಗ್ತವೆ ಆದ್ರೆ ಫಿಲ್ಟರ್ ಕಾರ್ಬನ್ ಡೈಆಕ್ಸೈಡ್ ಹಿಡಿಯಲ್ಲ, ಹಾಗಾಗಿ ಮೀಟರ್ ನಂಬರ್ ಇಳಿಯಲ್ಲ, ಅದು ಕೆಲ್ಸ ಮಾಡ್ತಿಲ್ಲ ಅಂತ ಗಾಬರಿ ಆಗ್ಬೇಡಿ. ಡೆಸ್ಕ್ ಸುತ್ತ ಮೂರು ಕಡೆ ಶೀಟ್ ನಿಲ್ಲಿಸೋದು ಬೇಡ, ಗಾಳಿ ಓಡಾಡದೇ ಅಲ್ಲಲ್ಲೇ ನಿಲ್ಲತ್ತೆ.

ಒಪ್ಪಲ್ಲ_ಗುರು

ಹಂಗಾದ್ರೆ ದೂರ ನಿಲ್ಲೋದು, ಒರೆಸೋದು ಎಲ್ಲ ನಾಟಕ ಅಂತ ಆಯ್ತಲ್ಲ? ನಮ್ ಕೈಲಿ ದಿನಕ್ಕೆ ಆರ್ ಸಲ ಬಾಗಿಲ ಹಿಡಿ ಒರೆಸಿದ್ರು.

ಗಾಳಿಮಾತು

ಗುರು, ಹಂಗಲ್ಲ. ಹತ್ರ ನಿಂತವನಿಗೆ ಹೊಗೆ ಜಾಸ್ತಿ ಅಂದೆನಲ್ಲ, ದೂರಕ್ಕೆ ಬೆಲೆ ಇದೆ, ಅದೊಂದೇ ಸಾಕಾಗಲ್ಲ ಅಷ್ಟೇ. ಒರೆಸೋದು ಬೇರೆ ವಿಷ್ಯ, 2021 ಏಪ್ರಿಲ್‌ನಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿನೇ ಹೇಳ್ತು, ವೈರಸ್ ಇರೋ ಜಾಗ ಒಂದ್ಸಲ ಮುಟ್ಟಿದ್ರೆ ಸೋಂಕು ಬರೋ ಸಾಧ್ಯತೆ ಸಾಮಾನ್ಯವಾಗಿ 10,000ಕ್ಕೆ ಒಂದಕ್ಕಿಂತ ಕಮ್ಮಿ ಅಂತ. ಆದ್ರೆ ಅದು ಕೋವಿಡ್ ಲೆಕ್ಕ. ವಾಂತಿಭೇದಿ ತರೋ ನೊರೊವೈರಸ್ ತರದ್ದು ಆದ್ರೆ ಬಾಗಿಲ ಹಿಡಿನೇ ದೊಡ್ಡ ವಿಷ್ಯ ಆಗತ್ತೆ, ಕೈ ತೊಳೆಯೋದನ್ನ ಪ್ಲಾನಿಂದ ತೆಗೀಬೇಡಿ. ಯಾವ ದಾರಿಲಿ ಹರಡತ್ತೆ ಅಂತ ಗೊತ್ತಾದ ಮೇಲೆ ಅದಕ್ಕೆ ತಕ್ಕ ಹಾಗೆ ಬದಲಾಯಿಸ್ಕೊಳ್ಳಿ.

ಪ್ಲಾನ್‌ಬರೆಯೋನು

ಎಲ್ರಿಗೂ ಥ್ಯಾಂಕ್ಸ್. ಗಾಳಿಮಾತು ಸರ್ ಹೇಳಿದ್ದಕ್ಕೆ ಒಂದು ಮೀಟರ್ ಯಾರದ್ದೋ ಕಡ ಇಸ್ಕೊಂಡು ಬಂದು ಇವತ್ತು ಎಲ್ಲ ಕಡೆ ಇಟ್ಟು ನೋಡ್ದೆ. ಅಂಗಡಿ 560, ಗೋಡೌನು 480, ಆಫೀಸು 1100. ಆಮೇಲೆ ಮೀಟಿಂಗ್ ರೂಮಿಗೆ ತಗೊಂಡ್ ಹೋದೆ, ಆರು ಜನ, ಬಾಗಿಲು ಮುಚ್ಚಿತ್ತು, ಎಸಿ ಓಡ್ತಿತ್ತು, ನಲವತ್ತು ನಿಮಿಷಕ್ಕೆ 1,850. ಆಗ ಆ ಏಳು ಜನ ಯಾರ್ಯಾರು ಅಂತ ನೆನಪು ಮಾಡ್ಕೊಂಡೆ. ಏಳರಲ್ಲಿ ಆರು ಜನ ಸೋಮವಾರದ ರಿವ್ಯೂ ಮೀಟಿಂಗ್‌ನವರು! ಆ ಮೀಟಿಂಗ್ ಇದ್ದಿದ್ದೇ ಕೋವಿಡ್ ನಿಯಮ ಚರ್ಚೆ ಮಾಡೋಕೆ, ಎಲ್ರೂ 2 ಮೀಟರ್ ದೂರ ದೂರ ಕೂತಿದ್ರು.

ಪಗಾರದ ಸಾಲು ಮೊದಲನೇದಾಗೇ ಬರೆದಿದೀನಿ, ಮೇಲಿನವರು ಏನಂತಾರೋ ನೋಡೋಣ. ಚೀಟಿ, ಬಾಗಿಲಲ್ಲೇ ಡೆಲಿವರಿ, ಊಟದ ಬ್ಯಾಚು ಎಲ್ಲ ಸೇರಿಸಿದೆ. ಮೀಟಿಂಗ್ ರೂಮಿಗೆ ಕಿಟಕಿನೇ ಇಲ್ಲ, ಬಾಗಿಲ ಮೇಲೆ ಗಾಜಿದೆ ಅಷ್ಟೇ. ಅದನ್ನ ತೆಗೆದು ಜಾಲರಿ ಹಾಕಿದ್ರೆ ಸಾಕಾ, ಎಕ್ಸಾಸ್ಟ್ ಫ್ಯಾನೇ ಬೇಕಾ?

ಗಾಳಿಮಾತು

ಬರೀ ಜಾಲರಿ ಸಾಕಾಗಲ್ಲ, ಒಳಗಿನ ಗಾಳಿನ ತಳ್ಳೋಕೆ ಏನಾದ್ರೂ ಬೇಕಲ್ಲ. ಹೊರಗೋಡೆ ಇದ್ರೆ ಅದ್ರಲ್ಲಿ ಎಕ್ಸಾಸ್ಟ್ ಫ್ಯಾನ್ ಹಾಕಿ, ಬಾಗಿಲ ಮೇಲೆ ಜಾಲರಿನೂ ಹಾಕಿ, ಇಲ್ದಿದ್ರೆ ಫ್ಯಾನ್ ಎಳೆಯೋ ಗಾಳಿ ಎಲ್ಲಿಂದ ಬರ್ಬೇಕು. ಹೊರಗೋಡೆ ಯಾವ ಕಡೆ ಇದೆ, ಒಂದು ಸ್ಕೆಚ್ ಹಾಕಿ ನೋಡೋಣ.

ಕೌಂಟರ್‌ಹಿಂದೆ

ಅಲ್ಲೀವರೆಗೂ ಸೋಮವಾರದ ಮೀಟಿಂಗ್ ನಿಮ್ ಗೋಡೌನಲ್ಲಿ ಮಾಡಿ ಸರ್, 480 ಇದೆಯಲ್ಲ. ನಿಂತ್ಕೊಂಡೇ ಮಾಡಿದ್ರೆ ಹತ್ತು ನಿಮಿಷಕ್ಕೆ ಮುಗಿಯತ್ತೆ.