ಸಹಾಯ ಬೇಕು: ತಪ್ಪಿನ ಮೂಲ ಹುಡುಕುವುದನ್ನು ಕನ್ನಡದಲ್ಲಿ ಕಲಿಸುವವರು ಪುಣೆಯಲ್ಲಿದ್ದಾರಾ?

ಎಲ್ಲರಿಗೂ ನಮಸ್ಕಾರ. ಪುಣೆ ಹತ್ತಿರದ ಚಾಕಣ್‌ನಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ವಿಭಾಗ ನೋಡಿಕೊಳ್ಳುತ್ತೇನೆ. ನಮ್ಮ ಲೈನ್ ಸೂಪರ್‌ವೈಸರ್‌ಗಳಲ್ಲಿ ವಿಜಯಪುರ, ಕಲಬುರಗಿ ಕಡೆಯವರೇ ಜಾಸ್ತಿ. ಅವರಿಗೆ ರೂಟ್ ಕಾಸ್ ಅನಾಲಿಸಿಸ್ (ತಪ್ಪಿನ ಮೂಲ ಕಾರಣ ಹುಡುಕುವುದು) ತರಬೇತಿ ಕೊಡಿಸಬೇಕು.

ಈಗ ಗ್ರಾಹಕರಿಂದ ದೂರು ಬಂದರೆ ರಿಪೋರ್ಟ್‌ನಲ್ಲಿ 'ಆಪರೇಟರ್ ನಿರ್ಲಕ್ಷ್ಯ, ತಿಳಿಹೇಳಲಾಗಿದೆ' ಅಂತ ಬರೆದು ಮುಗಿಸುತ್ತಾರೆ. ಸ್ವಲ್ಪ ದಿನದಲ್ಲೇ ಅದೇ ದೂರು ವಾಪಸ್. ಒಂದು ಉದಾಹರಣೆ ಹೇಳುತ್ತೇನೆ. ಎಡಗಡೆಯ ಬ್ರಾಕೆಟ್, ಬಲಗಡೆಯ ಬ್ರಾಕೆಟ್ ನೋಡಲು ಒಂದೇ ಥರ. ಎರಡೂ ಅಕ್ಕಪಕ್ಕದ ಬಿನ್‌ನಲ್ಲಿ. ರಾತ್ರಿ ಪಾಳಿಯ ಕೊನೆಯಲ್ಲಿ ಯಾರು ನಿಂತರೂ ಒಂದರ ಬದಲು ಇನ್ನೊಂದಕ್ಕೆ ಕೈ ಹೋಗುತ್ತದೆ, ಅಲ್ವಾ? ಭಾಗವನ್ನು ಹಿಡಿದಿಡುವ ಫಿಕ್ಸ್ಚರ್‌ಗೆ ಒಂದು ಪಿನ್ ಹಾಕಿದರೆ ತಪ್ಪು ಭಾಗ ಕೂರುವುದೇ ಇಲ್ಲ. ಜಪಾನಿನ ಶಿಗೆಯೊ ಶಿಂಗೊ 1960ರ ದಶಕದಲ್ಲೇ ತೋರಿಸಿಕೊಟ್ಟ ಪೋಕಾ-ಯೋಕೆ, ಅಂದರೆ ತಪ್ಪು ಮಾಡಲು ಆಗದಂತೆ ಮಾಡುವ ಉಪಾಯ, ಇದೇ.

ಮೂಲ ಕಾರಣ ಸಿಗುವವರೆಗೆ 'ಐದು ಸಲ ಏಕೆ' ಕೇಳುವುದು ನಮ್ಮವರಿಗೆ ಗೊತ್ತು. ಆದರೆ ಎರಡನೇ ಪ್ರಶ್ನೆಗೇ ಯಾರದೋ ಹೆಸರು ಬಂದು ನಿಲ್ಲುತ್ತದೆ. ಬೈಗುಳಕ್ಕೆ ಹೆದರಿ ಹುಡುಗರು ನಡೆದದ್ದನ್ನು ಹೇಳುವುದೇ ಇಲ್ಲ. ನನಗೆ ಎಲ್ಲಕ್ಕಿಂತ ನೋವಾಗುವುದು ಇದಕ್ಕೆ.

ಸುಮ್ನೆ ಸ್ಲೈಡ್ ತೋರಿಸಿ ಹೋಗುವವರು ಬೇಡ. ಲೈನಿನ ಪಕ್ಕದಲ್ಲೇ ನಿಂತು, ನಮ್ಮದೇ ಹಳೆಯ ದೂರು ಹಿಡಿದು, ತಪ್ಪಿನ ಕಾರಣಗಳನ್ನು ಕವಲು ಕವಲಾಗಿ ತೋರಿಸುವ ಇಶಿಕಾವಾ ಅವರ ಮೀನಿನ ಮೂಳೆ ಚಿತ್ರ ಬರೆಸಿ ಕಲಿಸಬೇಕು. ಮರಾಠಿಯೂ ಬಂದರೆ ಇನ್ನೂ ಒಳ್ಳೆಯದು. ಪಿಂಪರಿ, ಭೋಸರಿ ಕಡೆ ಯಾರಾದರೂ ಇಂಥ ತರಬೇತಿ ಮಾಡಿಸಿದ್ದೀರಾ? ಎಷ್ಟು ದಿನ ಇಟ್ಟಿರಿ, ಖರ್ಚೆಷ್ಟಾಯಿತು, ಆಮೇಲೆ ದೂರು ಮರುಕಳಿಸುವುದು ಕಡಿಮೆಯಾಯಿತಾ? ದಯವಿಟ್ಟು ಇಲ್ಲೇ ಬರೆಯಿರಿ.