ಎಲಿಸ್ ಪೆರ್ರಿ ಓದಿದ ಶಾಲೆಯೂ ನಮ್ಮ ಜಗಲಿಯ ಗಡಿಯಾರವೂ

ನಮ್ಮ ಮನೆತನದ ವಾಟ್ಸಾಪ್ ಗುಂಪಿಗೆ ‘ಅಜ್ಜನಮನೆ ಬಳಗ’ ಅಂತ ಹೆಸರು. 43 ಜನ ಇದ್ದೇವೆ. ಮಾತಾಡುವವರು ಏಳೆಂಟು ಮಂದಿ ಅಷ್ಟೆ. ಉಳಿದವರು ಹುಟ್ಟುಹಬ್ಬಕ್ಕೆ ಕೇಕಿನ ಚಿತ್ರ ಹಾಕಿ ಮಾಯವಾಗುತ್ತಾರೆ. ನಮ್ಮಪ್ಪ ಇವತ್ತಿನವರೆಗೆ ಒಂದಕ್ಷರ ಟೈಪ್ ಮಾಡಿದವರಲ್ಲ. ಆದರೆ ಯಾವ ಮೆಸೇಜು ನೋಡಿ, ಓದಿದವರ ಪಟ್ಟಿಯಲ್ಲಿ ಅವರದೇ ಮೊದಲ ಹೆಸರು.

ಹೆಂಗಸರ ಐಪಿಎಲ್ ನಡೆಯುತ್ತಿದ್ದ ಒಂದು ಶನಿವಾರ ರಾತ್ರಿ ಎಂಟೂಕಾಲಿಗೆ ದೊಡ್ಡಪ್ಪ ಒಂದು ಫಾರ್ವರ್ಡ್ ಬಿಟ್ಟರು. ಮೇಲೆ ‘ಅನೇಕ ಬಾರಿ ಫಾರ್ವರ್ಡ್ ಆಗಿದೆ’ ಎಂಬ ಎರಡು ಬಾಣ. ಅದು ಹೀಗಿತ್ತು:

“ನಿಮಗೆ ಗೊತ್ತೇ?? ನಮ್ಮ ಆರ್‌ಸಿಬಿಯ ಆಸ್ಟ್ರೇಲಿಯಾ ಆಟಗಾರ್ತಿ ಎಲಿಸ್ ಪೆರ್ರಿ ಓದಿದ್ದು ಸಿಡ್ನಿಯ ಅಬಾಟ್ಸ್‌ಲೀ ಎಂಬ ಆಂಗ್ಲಿಕನ್ (ಇಂಗ್ಲೆಂಡ್ ಚರ್ಚಿನ ಪಂಗಡ) ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆಯಲ್ಲಿ! 1885ರ ಶಾಲೆ! ಅಲ್ಲಿನ ಹೆಡ್‌ಮಿಸ್ಟ್ರೆಸ್ ಬೆಟಿ ಆರ್ಚ್‌ಡೇಲ್ ಇಂಗ್ಲೆಂಡ್ ಟೀಮಿನ ಮೊದಲ ಮಹಿಳಾ ಕ್ಯಾಪ್ಟನ್. ಪುಟ್ಟ ಪೆರ್ರಿ ಕೈಗೆ ಬ್ಯಾಟ್ ಕೊಟ್ಟವರು ಅವರೇ!! ನಮ್ಮ ಶಾಲೆಗಳು? ಮೈದಾನ ಮಾರಿ ಬಿಲ್ಡಿಂಗ್ ಕಟ್ಟುತ್ತಿವೆ. ಹೆಣ್ಣುಮಕ್ಕಳನ್ನು ಆಡಲು ಬಿಡಿ. ಹತ್ತು ಜನಕ್ಕೆ ಕಳಿಸಿ.”

ಕೆಳಗೆ ದೊಡ್ಡಪ್ಪನ ಸ್ವಂತ ಸಾಲು: “ಎಲ್ಲರೂ ಓದಲೇಬೇಕು. ಹೆಣ್ಣುಮಕ್ಕಳಿಗೆ ಆಟ ಬೇಕು.”

ಯಾರೂ ಓದಲಿಲ್ಲ. ಎರಡು ನಿಮಿಷದಲ್ಲಿ ಹನ್ನೊಂದು ಹೆಬ್ಬೆಟ್ಟು ಬಿತ್ತು.

ದೊಡ್ಡಪ್ಪ ಇದನ್ನು ಕಳಿಸಿದ್ದಕ್ಕೆ ಕಾರಣ ನನಗೆ ಗೊತ್ತಿತ್ತು. ಅವರ ಮೊಮ್ಮಗಳು ಪುಟ್ಟಿ ಬೆಂಗಳೂರಿನಲ್ಲಿ ಒಂಬತ್ತನೇ ಕ್ಲಾಸು. ಅವಳ ಶಾಲೆಯ ಮೈದಾನ ಹೋದ ವರ್ಷ ಬಸ್ಸು ನಿಲ್ಲಿಸುವ ಜಾಗವಾಯಿತು. ಈಗ ಪಿಟಿ ಪೀರಿಯಡ್ಡು ಟೆರೇಸಿನ ಮೇಲೆ, ನೀರಿನ ಟ್ಯಾಂಕಿನ ಪಕ್ಕ. ಆ ಸಂಕಟಕ್ಕೆ ಪೆರ್ರಿಯ ಫಾರ್ವರ್ಡು ಸರಿಯಾಗಿ ಕೂತಿತು.

ಮೊದಲು ಬಾಯಿ ಹಾಕಿದವರು ವಕೀಲ ಭಾವ. ದೊಡ್ಡಪ್ಪನ ದೊಡ್ಡ ಅಳಿಯ, ಪುಟ್ಟಿಯ ಅಪ್ಪ. “ಮಾವ, ಇದರ ಮೂಲ ಏನು?”

ಈ ಪ್ರಶ್ನೆ ಬಂದ ಕೂಡಲೇ ಗುಂಪಿನಲ್ಲಿ ಎಲ್ಲರ ಬೆನ್ನೂ ನೆಟ್ಟಗಾಗುತ್ತದೆ. ತೋಟ ಪಾಲಾಗುವಾಗ ತುಂಬಿದ ಜಗಲಿಯಲ್ಲಿ ಕೂತು ಭಾವ “ಪಹಣಿ ತೋರಿಸಿ” ಅಂದಿದ್ದರು. ಮದುವೆಯಾಗಿ ಆಗಿನ್ನೂ ಒಂದೂವರೆ ವರ್ಷ. ದೊಡ್ಡಪ್ಪ ಅದನ್ನು ಮರೆತಿಲ್ಲ.

“ಎಲ್ಲಕ್ಕೂ ದಾಖಲೆ ಕೇಳುವುದು ಕೆಲವರ ಹುಟ್ಟುಗುಣ. ವಿಷಯ ನೋಡಿ” ಎಂದು ದೊಡ್ಡಪ್ಪ ಬರೆದರು.

“ವಿಷಯವನ್ನೇ ನೋಡ್ತಿದ್ದೀನಿ ಮಾವ. ಆರ್ಚ್‌ಡೇಲ್ ಆ ಶಾಲೆಯಲ್ಲಿ ಇದ್ದದ್ದು 1958ರಿಂದ 1970. ಪೆರ್ರಿ ಹುಟ್ಟಿದ್ದು 1990. ಬ್ಯಾಟ್ ಕೊಟ್ಟಿದ್ದು ಕನಸಲ್ಲಾ?”

ಅತ್ತೆಯ ಮಗ ಗುಂಡ ನಗುವ ಮುಖ ಹಾಕಿದ. ಒಂದಲ್ಲ, ಒಂಬತ್ತು. ಆಮೇಲೆ ತನ್ನ ದಾರಿ ಹಿಡಿದ. “ಪೆರ್ರಿ ಅಂದ್ರೆ ನೆನಪಾಯ್ತು. 2024ರಲ್ಲಿ ಚಿನ್ನಸ್ವಾಮಿಯಲ್ಲಿ ಆ ಸಿಕ್ಸ್! ಬೌಂಡರಿ ಆಚೆ ನಿಲ್ಲಿಸಿದ್ದ ಕಾರಿನ ಗಾಜು ಫಳಾರ್! ನಾನು ಅಲ್ಲೇ ಇದ್ದೆ.”

“ಟಿಕೆಟ್ ಇದೆಯಾ?” ಭಾವ.

“ಕೊನೆಗೆ ಆ ಗಾಜಿನ ಚೂರನ್ನೇ ಫ್ರೇಮ್ ಹಾಕಿ ಅವಳ ಕೈಗೆ ಕೊಟ್ಟರು ಮಾರಾಯ್ರೇ! ಆ ವರ್ಷವೇ ಕಪ್ ಗೆದ್ದರು. ಗಂಡಸರು ಅಷ್ಟು ವರ್ಷ ಬಾಯಲ್ಲಿ ಹೇಳಿದ್ದು ಇವರು ಎರಡೇ ಸೀಸನ್ನಿಗೆ ಮಾಡಿ ತೋರಿಸಿದರು.”

ಮೈಸೂರು ಚಿಕ್ಕಮ್ಮನಿಗೆ ಪೆರ್ರಿ, ಆರ್‌ಸಿಬಿ ಎರಡೂ ಬೇಡ. “ಸಿಡ್ನಿ ಯಾಕೆ? ನಮ್ಮ ಶಾಂತಾ ರಂಗಸ್ವಾಮಿ ಇಲ್ವಾ? 1976ರಲ್ಲಿ ವೆಸ್ಟ್ ಇಂಡೀಸ್ ಮೇಲೆ ಭಾರತದ ಹೆಂಗಸರ ಮೊದಲ ಟೆಸ್ಟು. ಅದೂ ಬೆಂಗಳೂರಲ್ಲೇ. ಕ್ಯಾಪ್ಟನ್ ನಮ್ಮ ಹುಡುಗಿ. ರಿಸರ್ವೇಶನ್ ಇಲ್ಲದ ಬೋಗಿಯಲ್ಲಿ ಹೋಗಿ ಆಡಿ ಬಂದವರು ಅವರು. ಅದನ್ನ್ಯಾರೂ ಫಾರ್ವರ್ಡ್ ಮಾಡಲ್ಲ.”

ನಿಜ ಹೇಳಬೇಕೆಂದರೆ ಆ ರಾತ್ರಿ ಗುಂಪಿನಲ್ಲಿ ಬಂದ ಅತಿ ಸರಿಯಾದ ಮಾತು ಅದು. ಅದಕ್ಕೆ ಒಂದೂ ಹೆಬ್ಬೆಟ್ಟು ಬೀಳಲಿಲ್ಲ.

ನನಗೆ ಕುತೂಹಲ ಹತ್ತಿತು. ಪೆರ್ರಿ ಬಗ್ಗೆ ಅಲ್ಲ, ಆ ಹೆಡ್‌ಮಿಸ್ಟ್ರೆಸ್ ಬಗ್ಗೆ. ಸಾರಿಗೆ ಒಗ್ಗರಣೆ ಹಾಕಿ, ಒಲೆ ಆರಿಸಿ, ಅಡುಗೆಮನೆಯ ಸ್ಟೂಲಿನ ಮೇಲೇ ಕೂತು ಹುಡುಕಿದೆ. ಆಯಮ್ಮ ಫಾರ್ವರ್ಡಿಗಿಂತ ದೊಡ್ಡವಳು. ತಾಯಿ ಹೆಲೆನ್ ಆರ್ಚ್‌ಡೇಲ್ ಹೆಂಗಸರಿಗೆ ಓಟು ಬೇಕೆಂದು ಹೋರಾಡಿ, ಕಿಟಕಿ ಗಾಜು ಒಡೆದು ಲಂಡನ್ನಿನ ಹಾಲೊವೇ ಜೈಲಿಗೆ ಹೋದವಳು. ಅಮ್ಮ ಎಸೆಯುವುದಕ್ಕೆ ಕಲ್ಲು ಆರಿಸಿ ತಂದುಕೊಡುತ್ತಿದ್ದವಳು ಪುಟ್ಟ ಬೆಟಿ. ದೊಡ್ಡವಳಾಗಿ ಕಾನೂನು ಓದಿದಳು. 1934ರ ಡಿಸೆಂಬರಿನಲ್ಲಿ ಬ್ರಿಸ್ಬೇನಿನಲ್ಲಿ ಹೆಂಗಸರ ಮೊಟ್ಟಮೊದಲ ಟೆಸ್ಟ್ ನಡೆದಾಗ ಇಂಗ್ಲೆಂಡಿನ ಕ್ಯಾಪ್ಟನ್ ಅವಳೇ. ಆಸ್ಟ್ರೇಲಿಯಾ 47ಕ್ಕೆ ಆಲೌಟ್. 10 ರನ್ ಕೊಟ್ಟು 7 ವಿಕೆಟ್ ಕಿತ್ತ ಮರ್ಟಲ್ ಮಕ್‌ಲಗನ್ ಹುಟ್ಟಿದ್ದು ನಮ್ಮ ಅಂಬಾಲಾದಲ್ಲಿ! ಹಡಗಿನ ಟಿಕೆಟ್ಟಿಗೆ ಆ ಹುಡುಗಿಯರೇ ದುಡ್ಡು ಹೊಂದಿಸಿಕೊಂಡಿದ್ದರಂತೆ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಆಸ್ಟ್ರೇಲಿಯಾದಲ್ಲೇ ನೆಲೆ. ಅಬಾಟ್ಸ್‌ಲೀಗೆ ಬಂದವಳು ಶಿಸ್ತಿನ ಹಗ್ಗ ಸಡಿಲ ಮಾಡಿದಳು. ಹುಡುಗಿಯರ ಯೂನಿಫಾರ್ಮಿನಿಂದ ಹ್ಯಾಟು, ಕೈಗವಸು ತೆಗೆಸಿದಳು. ಫಿಸಿಕ್ಸ್ ಪಾಠ ಶುರು ಮಾಡಿಸಿದಳು. ಲಾರ್ಡ್ಸ್ ಮೈದಾನದ ಎಂಸಿಸಿ ಕ್ರಿಕೆಟ್ ಕ್ಲಬ್ಬು ಹೆಂಗಸರಿಗೆ ಬಾಗಿಲು ತೆಗೆದದ್ದು 1999ರ ಹೊತ್ತಿಗೆ. ಆಗ ಗೌರವ ಸದಸ್ಯತ್ವ ಪಡೆದ ಮೊದಲ ಹತ್ತು ಹೆಂಗಸರಲ್ಲಿ ಇವಳೂ ಒಬ್ಬಳು. ವಯಸ್ಸು 90 ದಾಟಿತ್ತು. ಮರುವರ್ಷ ಜನವರಿಯಲ್ಲಿ ತೀರಿಕೊಂಡಳು. ಆಗ ಪೆರ್ರಿಗೆ ಒಂಬತ್ತು ವರ್ಷ.

ಇಷ್ಟನ್ನೂ ಬೆರಳು ನೋಯುವಷ್ಟು ಟೈಪ್ ಮಾಡಿ ಹಾಕಿದೆ. ಭಾವ ಒಂದೇ ಸಾಲು ಬರೆದರು: “ನೋಡಿ, ಆಯಮ್ಮನೂ ಲಾಯರ್ರೇ.”

ದೊಡ್ಡಪ್ಪ ಬರೆದರು: “ಶಿಸ್ತು ಸಡಿಲ ಮಾಡಿದ್ದು ಸರಿಯಲ್ಲ. ಶಿಸ್ತಿಲ್ಲದೆ ಆಟ ಎಲ್ಲಿಂದ ಬರುತ್ತದೆ? ನಮ್ಮ ಕಾಲದಲ್ಲಿ...”

‘ನಮ್ಮ ಕಾಲದಲ್ಲಿ’ ಮುಗಿಯುವ ಮೊದಲೇ ಪುಟ್ಟಿ ಅಮ್ಮನ ಫೋನಿನಿಂದ ನುಗ್ಗಿದಳು. “ಅಜ್ಜ, ಆಂಗ್ಲಿಕನ್ ಸ್ಕೂಲ್ ಕ್ರಿಕೆಟರ್ ಬೇಕಂದ್ರೆ ಅಲಿಸ್ಸಾ ಹೀಲಿ! ಬಾರ್ಕರ್ ಕಾಲೇಜ್, ಹಾರ್ನ್ಸ್‌ಬಿ. ಹುಡುಗರ ಟೀಮಲ್ಲೇ ಕೀಪರ್ ಆಗಿದ್ಲು. ಆಗ ಹಳೇ ಸ್ಟೂಡೆಂಟ್ ಯಾರೋ ಗಲಾಟೆ ಮಾಡಿದ್ರು.”

“ಹೀಲಿ ಯುಪಿ ಟೀಮಿನ ಕ್ಯಾಪ್ಟನ್ ಆಗಿದ್ದವಳು. ಈ ಗುಂಪಲ್ಲಿ ಅವಳ ಹೆಸರು ಎತ್ತಬೇಡ” ಎಂದ ಗುಂಡ.

ಮಾತು ಅಲ್ಲಿಗೆ ಆರಿಹೋಗುತ್ತಿತ್ತು. ಅಷ್ಟರಲ್ಲಿ ಅತ್ತೆ ಬಂದರು. ಅತ್ತೆ ಗುಂಪಿನಲ್ಲಿ ಬರೆಯುವುದು ಕಡಿಮೆ, ಬರೆದರೆ ಚುಟುಕು.

“ಗಾಜು ಒಡೆದವರಿಗೆ ಫ್ರೇಮ್ ಹಾಕಿ ಕೊಡ್ತಾರಂತೆ. ಒಳ್ಳೇದು. ನಮ್ಮ ಜಗಲಿ ಗಡಿಯಾರದ ಗಾಜು ಒಡೆದಾಗ ನನಗೆ ಏನು ಕೊಟ್ಟಿದ್ದಿ ಅಣ್ಣ?”

ಆ ಗಡಿಯಾರ ನಮಗೆಲ್ಲ ಗೊತ್ತು. ಕೀ ಕೊಡುವ ಲೋಲಕದ ಗಡಿಯಾರ. ಈಗಲೂ ದೊಡ್ಡಪ್ಪನ ಜಗಲಿಯಲ್ಲಿದೆ. ಅದಕ್ಕೆ ಗಾಜಿಲ್ಲ. ಚಿಕ್ಕಂದಿನಲ್ಲಿ ನಾವು ಕುರ್ಚಿ ಹತ್ತಿ, ಬೆರಳಿನಿಂದಲೇ ಮುಳ್ಳು ತಿರುಗಿಸಿ ಬೈಸಿಕೊಂಡಿದ್ದೇವೆ. ಗಾಜು ಯಾಕಿಲ್ಲ ಅಂತ ಒಬ್ಬರೂ ಕೇಳಿರಲಿಲ್ಲ.

“ಈಗ ಅದೆಲ್ಲ ಯಾಕೆ?” ಎಂದರು ದೊಡ್ಡಪ್ಪ.

“ಹೆಣ್ಣುಮಕ್ಕಳಿಗೆ ಆಟ ಬೇಕು ಅಂತ ನೀನೇ ಹಾಕಿದ್ದೀಯಲ್ಲ, ಅದಕ್ಕೆ. ಲಗೋರಿ ಚೆಂಡು ತಾಗಿ ಗಾಜು ಒಡೀತು. ಇನ್ನು ಆಟ ಸಾಕು ಅಂದ್ರಿ. ಮುಂದಿನ ವಾರ ಶಿವಮೊಗ್ಗದಲ್ಲಿ ಜಿಲ್ಲಾ ಖೋ ಖೋ ಸೆಲೆಕ್ಷನ್ ಇತ್ತು. ಪಿಟಿ ಮೇಷ್ಟ್ರು ಮನೆಗೇ ಬಂದು ಕೇಳಿದ್ರು. ಕಾಫಿ ಕುಡಿಸಿ ಕಳಿಸಿದ್ರಿ.”

“ಅಮ್ಮಾ, ನೀನು ಖೋ ಖೋ ಆಡ್ತಿದ್ಯಾ???” ಗುಂಡನ ಮೂರು ಪ್ರಶ್ನೆ ಚಿಹ್ನೆ. ಅವನಿಗೆ ನಲವತ್ತೊಂದು ವರ್ಷ.

ಇಲ್ಲಿಂದ ಮುಂದೆ ಸಿಡ್ನಿಯನ್ನು ಎಲ್ಲರೂ ಮರೆತರು. ಬೇಡ ಅಂದಿದ್ದು ತಾನಲ್ಲ, ಅಪ್ಪಯ್ಯ ಎಂದರು ದೊಡ್ಡಪ್ಪ. ಅಪ್ಪಯ್ಯ ಆ ವಾರ ಮಂಡಿಗೆ ಹೋಗಿದ್ದರು, ಮನೆಯಲ್ಲಿ ಇರಲೇ ಇಲ್ಲ ಎಂದರು ಅತ್ತೆ. ಮೇಷ್ಟ್ರಿಗೆ ಕೊಟ್ಟಿದ್ದು ಕಾಫಿಯಲ್ಲ, ಬೆಲ್ಲದ ಪಾನಕ ಅಂತ ಚಿಕ್ಕಮ್ಮ. ಚಿಕ್ಕಮ್ಮ ಆಗಿನ್ನೂ ಈ ಮನೆಗೆ ಸೊಸೆಯಾಗಿ ಬಂದೇ ಇರಲಿಲ್ಲ! ಭಾವ ಅದನ್ನು ಎತ್ತಿ ತೋರಿಸಿದರು. ಚಿಕ್ಕಮ್ಮ ಸಿಟ್ಟಾಗಿ ಗುಂಪು ಬಿಟ್ಟರು. ಎಂಟು ನಿಮಿಷಕ್ಕೆ ಗುಂಡ ಮತ್ತೆ ಸೇರಿಸಿದ.

“ಗಾಜು ಒಡೆದದ್ದು ತಪ್ಪಲ್ವಾ? ಆ ಗಡಿಯಾರ ಅಜ್ಜ ತಂದಿದ್ದು. ನಾನು ಹೇಳಿದ್ದು ಶಿಸ್ತು ಅಷ್ಟೆ” ಎಂದು ದೊಡ್ಡಪ್ಪ ಕೊನೆಗೆ ಬರೆದರು. ಆಮೇಲೆ ಅವರು ಆನ್‌ಲೈನ್ ಇದ್ದರು, ಬರೆಯಲಿಲ್ಲ.

ರಾತ್ರಿ ಒಂದೂಮುಕ್ಕಾಲಿಗೆ ಸಿಡ್ನಿ ಅಕ್ಕ ಎದ್ದಳು. ಅವರಿಗೆ ಆಗ ಬೆಳಗಿನ ಏಳೂಕಾಲು. ಅಕ್ಕ ದೊಡ್ಡಪ್ಪನ ಸ್ವಂತ ಕಿರಿಮಗಳು. ಹದಿನಾಲ್ಕು ವರ್ಷದಿಂದ ಅಲ್ಲೇ ಇದ್ದಾಳೆ. ಸಿಡ್ನಿಯ ಶಾಲೆಯ ಬಗ್ಗೆ ಇಡೀ ಸಂಜೆ ಜಗಳವಾಯಿತು, ಅವಳನ್ನು ಒಂದು ಮಾತು ಕೇಳಬೇಕು ಅಂತ ಯಾರಿಗೂ ಹೊಳೆಯಲಿಲ್ಲ.

“ಅಪ್ಪ, ಪೆರ್ರಿ ಹುಟ್ಟಿದ್ದು ವಾರೂಂಗಾದಲ್ಲಿ. ಅಬಾಟ್ಸ್‌ಲೀ ಇರೋದೂ ವಾರೂಂಗಾದಲ್ಲೇ. ಅದಕ್ಕೇ ಯಾರೋ ಕಲಸಿದ್ದಾರೆ. ಅವಳು ಓದಿದ್ದು ಪಿಂಬಲ್ ಲೇಡೀಸ್ ಕಾಲೇಜ್. ರೈಲಲ್ಲಿ ಮೂರನೇ ಸ್ಟೇಷನ್. ವಾರವೀ, ಟರಮರಾ, ಪಿಂಬಲ್. ಅದು ಆಂಗ್ಲಿಕನ್ ಅಲ್ಲ, ಯುನೈಟಿಂಗ್ ಚರ್ಚ್ ಅಂತ ಬೇರೆ ಪಂಗಡದ್ದು. ಅವಳು 16ಕ್ಕೇ ಆಸ್ಟ್ರೇಲಿಯಾ ಕ್ರಿಕೆಟ್ ಟೀಮಿಗೆ ಬಂದ್ಲು, ಅದೇ ತಿಂಗಳ ಆಸುಪಾಸು ಫುಟ್‌ಬಾಲ್ ಟೀಮಿಗೂ. ಎರಡರ ವರ್ಲ್ಡ್ ಕಪ್ಪೂ ಆಡಿದ್ದಾಳೆ. ನಿಮ್ಮ ಫಾರ್ವರ್ಡಲ್ಲಿ ಅದೇ ಇಲ್ಲ.”

“ನಾನು ಹೇಳಿದ್ದೂ ಅದೇ. ಅಲ್ಲೇ ಅಕ್ಕಪಕ್ಕ” ಎಂದರು ದೊಡ್ಡಪ್ಪ. ರಾತ್ರಿ ಎರಡು ಗಂಟೆಗೂ ಅವರಿಗೆ ನಿದ್ದೆ ಬಂದಿರಲಿಲ್ಲ.

ಚಿಕ್ಕಮ್ಮನೂ ಎದ್ದಿದ್ದರು. ಅಲ್ಲಿ ಒಳ್ಳೆಯ ಸ್ಮಾರ್ತ ಹುಡುಗರು ಇದ್ದರೆ ತಮ್ಮ ತಂಗಿಯ ಮಗಳಿಗೆ ನೋಡು ಎಂದರು.

ಮಾರನೇ ದಿನ ಭಾನುವಾರ ಗುಂಪು ಮೌನ. ಸಂಜೆ ನಾನು ಊರಿಗೆ ಫೋನ್ ಮಾಡಿದಾಗ ಅಮ್ಮ, “ನಿಮ್ಮಪ್ಪ ಆ ಫೋನು ಹಿಡ್ಕೊಂಡು ಜಗಲೀಲಿ ಕೂತಿದ್ದಾರೆ, ಕನ್ನಡಕ ಒರೆಸೋದು, ಮತ್ತೆ ನೋಡೋದು” ಅಂದರು. ನಾನು ಗುಂಪು ತೆರೆದೆ. ಅಪ್ಪನ ಹೆಸರಿನ ಪಕ್ಕ ‘ಟೈಪ್ ಮಾಡುತ್ತಿದ್ದಾರೆ’. ಹತ್ತು ನಿಮಿಷ ಅದೇ ಇತ್ತು. ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು. ಅಪ್ಪನಿಗೆ ಒತ್ತಕ್ಷರ ಸಿಗುವುದಿಲ್ಲ.

ಕೊನೆಗೆ ಬಂತು: “ಗಾಜು ಒಡದದು ನಾನು. ಅಕ ಅಲ”

ಗುಂಪಿನಲ್ಲಿ ಯಾರೂ ಉಸಿರೆತ್ತಲಿಲ್ಲ. ಭಾವನೂ ಆಧಾರ ಕೇಳಲಿಲ್ಲ.

ಅರ್ಧ ಗಂಟೆ ಬಿಟ್ಟು ಅತ್ತೆ ಬರೆದರು. “ಗೊತ್ತು ಬಿಡೋ. ನೀನು ಅಡಿಕೆ ಚಪ್ಪರದ ಕಡೆ ಓಡಿದ್ದು ಆವತ್ತೇ ನೋಡಿದ್ದೆ. ರಾತ್ರಿ ಚಳಿ ಇದೆ, ತಲೆಗೆ ಮಫ್ಲರ್ ಕಟ್ಕೊಂಡು ಮಲಕೋ.”

ಬೆಳಿಗ್ಗೆ ಐದೂವರೆಗೆ ದೊಡ್ಡಪ್ಪನ ಮೆಸೇಜು. ಎದೆ ಧಸಕ್ಕೆಂದು ತೆರೆದೆ. ಮೆಂತ್ಯ ನೆನೆಸಿದ ನೀರನ್ನು ಖಾಲಿ ಹೊಟ್ಟೆಯಲ್ಲಿ ಕುಡಿದರೆ ಮಂಡಿನೋವು 21 ದಿನದಲ್ಲಿ ಮಾಯ, ಹತ್ತು ಜನಕ್ಕೆ ಕಳಿಸಿ.

“ಮಾವ, ಇದರ ಮೂಲ?” ಎಂದರು ಭಾವ.